ಬುತ್ತಿಗಂಟಿನ ತೂಕ

ಗೃಹಸ್ಥನು ಒಂದು ಹಗಲಿನ ಮಟ್ಟಿಗೆ ಊರು ಬಿಟ್ಟು ಕಾಡುದಾರಿ ಹಿಡಿಯುವಾಗ ಹೆಗಲ ಮೇಲೆ ಏನನ್ನು ಹೊತ್ತುಕೊಳ್ಳಬೇಕು, ಏನನ್ನು ಮನೆಯಲ್ಲಿಯೇ ಬಿಡಬೇಕು ಎಂಬುದು ಮೇಲುನೋಟಕ್ಕೆ ಅತ್ಯಂತ ಸಾಮಾನ್ಯವಾದ ಪ್ರಶ್ನೆ. ಧರ್ಮಚಿಂತನೆಯ ಪುಟಗಳಲ್ಲಿ ಇದಕ್ಕೆ ಎಡೆಯುಂಟೆ ಎಂದು ಕೇಳುವವರೂ ಇರಬಹುದು. ಆದರೆ ಪರಿಗ್ರಹದ ವಿಚಾರವನ್ನು ನಾವು ಬಹುಮಟ್ಟಿಗೆ ಹೊಲ, ಮನೆ, ಬಂಗಾರ, ಬ್ಯಾಂಕಿನ ಠೇವಣಿಗಳನ್ನು ಮುಂದಿಟ್ಟುಕೊಂಡೇ ಚರ್ಚಿಸುತ್ತೇವೆ. ಅಲ್ಲಿ ಭಾರವೆಲ್ಲ ಕಾಗದದ ಮೇಲಿರುತ್ತದೆ, ಮೈಗೆ ತಾಗುವುದಿಲ್ಲ. ಹೆಗಲಚೀಲದ ಸಂಗತಿ ಬೇರೆ. ಬೇಡದ್ದನ್ನು ಹೊತ್ತವನಿಗೆ ನಾಲ್ಕನೆಯ ಮೈಲಿಯಲ್ಲಿ ಅವನ ಭುಜವೇ ಲೆಕ್ಕ ಒಪ್ಪಿಸುತ್ತದೆ. ಬೇಕಾದುದನ್ನು ಬಿಟ್ಟು ಬಂದವನ ಲೆಕ್ಕವನ್ನು ಜೊತೆಗಾರನ ಭುಜ ತೀರಿಸಬೇಕಾಗುತ್ತದೆ. ಪರಿಮಾಣವ್ರತದ ಸೂಕ್ಷ್ಮಗಳನ್ನು ತೂಗಿ ನೋಡಲು ಇದಕ್ಕಿಂತ ಪ್ರಾಮಾಣಿಕವಾದ ತಕ್ಕಡಿ ದೊರೆಯಲಾರದೆಂದು ನನಗೆ ತೋರುತ್ತದೆ.

ಬೆಳಗಾವಿಯ ತರುಣರು ಈಗ ರವಿವಾರ ಬಂತೆಂದರೆ ಖಾನಾಪುರದ ಕಡೆಗೆ ಮುಖ ಮಾಡುತ್ತಾರೆ. ನಗರದಿಂದ ಖಾನಾಪುರ ಸುಮಾರು 26 ಕಿಲೋಮೀಟರು. ಬಸ್ಸೂ ಉಂಟು, ರೈಲೂ ಉಂಟು. ಅದರಾಚೆಗೆ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಮಹದಾಯಿ ಹುಟ್ಟುವ ದೇಗಾಂವ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ದಟ್ಟಕಾಡು. ಈ ತರುಣರ ಬೆನ್ನ ಮೇಲಿನ ಚೀಲಗಳನ್ನು ನೋಡಿದರೆ ಎರಡು ಪಂಗಡಗಳು ಕಾಣುತ್ತವೆ. ಒಂದು ಪಂಗಡದವರು ಕೈಬೀಸಿಕೊಂಡು ಹೊರಡುತ್ತಾರೆ. ಹಸಿವಾದಲ್ಲಿ ಅಂಗಡಿ ಸಿಕ್ಕೀತು, ನೀರಡಿಕೆಯಾದಲ್ಲಿ ಯಾರಾದರೂ ಕೊಟ್ಟಾರು ಎಂಬ ಭರವಸೆ ಅವರದು. ಇನ್ನೊಂದು ಪಂಗಡದವರು ಹಿಮಾಲಯಕ್ಕೆ ಹೊರಟವರಂತೆ ಸಜ್ಜಾಗಿರುತ್ತಾರೆ. ಬೆಳಗಾವಿ ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಸೈನಿಕರ ಊರು. ಬೆನ್ನಿಗೆ ಭಾರ ಕಟ್ಟಿಕೊಂಡು ಓಡುವ ಜವಾನರನ್ನು ನೋಡುತ್ತಲೇ ಬೆಳೆದ ಹುಡುಗರಿಗೆ ಭಾರವೇ ಪೌರುಷವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಜವಾನನ ಭಾರವನ್ನು ಆಜ್ಞೆ ನಿಶ್ಚಯಿಸುತ್ತದೆ. ನಮ್ಮ ಭಾರವನ್ನು ನಾವೇ ನಿಶ್ಚಯಿಸಬೇಕಾದುದರಿಂದ ಅದರ ಹೊಣೆಯೂ ನಮ್ಮದಾಗುತ್ತದೆ.

ಕಳೆದ ಮಾರ್ಗಶಿರದಲ್ಲಿ ನನ್ನ ತಮ್ಮನ ಮಗ ತನ್ನ ಕಾಲೇಜಿನ ಗೆಳೆಯರನ್ನು ಕಾಡಿಗೆ ಕರೆದೊಯ್ಯುವ ಹೊಣೆ ಹೊತ್ತಿದ್ದನು. ಇಡೀ ಗುಂಪಿಗೆ ಸಾಲುವ, ಆದರೆ ಒಬ್ಬನೇ ಹೊರಬಹುದಾದ ಒಂದು ಚಿಕ್ಕ ಗಂಟನ್ನು ಸಿದ್ಧಪಡಿಸಿ, ಮೊದಲು ಅದನ್ನು ನಡೆದು ಪರೀಕ್ಷಿಸಬೇಕೆಂಬುದು ಅವನ ಯೋಜನೆ. ಪರೀಕ್ಷೆಗೆ ಅವನೊಡನೆ ನಾನೂ, ಶಹಾಪುರದ ನಿವೃತ್ತ ಶಿಕ್ಷಕರೊಬ್ಬರೂ ಹೊರಟೆವು. ಹಿಂದಿನ ಸಂಜೆ ಜಮಖಾನೆಯ ಮೇಲೆ ಎಲ್ಲವನ್ನೂ ಹರಡಿ ನೋಡಿದೆವು. ಮನೆಯಲ್ಲಿಯೇ ಸೋಸಿ, ಕುದಿಸಿ, ಆರಿಸಿದ ಮೂರು ಲೀಟರ್ ನೀರು, ಎರಡು ಸ್ಟೀಲಿನ ಬಾಟಲಿಗಳಲ್ಲಿಯೂ ಗುರುಗಳು ಬಿಡಲೊಲ್ಲದ ಒಂದು ತಾಮ್ರದ ಬಾಟಲಿಯಲ್ಲಿಯೂ ತುಂಬಿತ್ತು. ಬುತ್ತಿಗೆ ಒಣ ಜೋಳದ ರೊಟ್ಟಿ, ದಶಮಿ, ಶೇಂಗಾ ಹಿಂಡಿ, ಒಂದು ಹೆಂಟೆ ಬೆಲ್ಲ. ನೀರು ಸೋಸುವ ದಪ್ಪ ಅರಿವೆ. ಇವು ಗುರುಗಳ ಪಾಲಿನವು. ಹುಡುಗನ ಪಾಲಿಗೆ ಅಂಗೈಯಗಲದ ಒಂದು ಜಿಪ್ ಚೀಲ. ಅದರೊಳಗೆ ಬ್ಯಾಟರಿ, ಸೀಟಿ, ದಿಕ್ಸೂಚಿ, ಹಲವು ಅಲಗುಗಳ ಮಡಿಚುವ ಚಾಕು, ಚಿಮಟಿಗೆ, ಮೇಣದ ಕಾಗದದಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ, ಅದು ಸಾಲದೆಂಬಂತೆ ಒಂದು ಲೈಟರು, ಗಾಯಕ್ಕೆ ಸುತ್ತುವ ಎರಡು ಸುರುಳಿ ಬಟ್ಟೆ, ಓಆರ್‌ಎಸ್ ಪೊಟ್ಟಣಗಳು, ನೀರಿಗೆ ಹಾಕುವ ಕ್ಲೋರಿನ್ ಗುಳಿಗೆಗಳು, ಉಪ್ಪಿನ ಪೊಟ್ಟಣ, ಹಾವು ಕಡಿದರೆಂದು ಒಂದು ಬ್ಲೇಡು ಮತ್ತು ಗಟ್ಟಿ ದಾರ, ಮೈಗೆ ಸುತ್ತಿಕೊಳ್ಳುವ ಬೆಳ್ಳಿಬಣ್ಣದ ತೆಳುಹಾಳೆ. ಈ ಹಾಳೆಯ ಮೂಲ 1964ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಬಾಹ್ಯಾಕಾಶದ ಕೆಲಸಕ್ಕಾಗಿ ರೂಪಿಸಿದ ಲೋಹಲೇಪಿತ ಹಾಳೆ. ಮಡಿಚಿದರೆ ಜೇಬಿನಲ್ಲಿ ಅಡಗುತ್ತದೆ, ಬಿಡಿಸಿದರೆ ಒಬ್ಬನ ಮೈಶಾಖವನ್ನು ಹಿಡಿದಿಡುತ್ತದೆ. ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದಾಗ ಎಲ್ಲವೂ ಸೇರಿ 6 ಕಿಲೋ 400 ಗ್ರಾಂ ತೂಗಿತು. ಅದರಲ್ಲಿ ಮೂರು ಕಿಲೋ ಬರಿಯ ನೀರು.

ನಡೆಯಲು ಆರಿಸಿಕೊಂಡ ದಾರಿ ನಂದಗಡದಿಂದ ಹಲಸಿಗೆ. ಆಯ್ಕೆ ಗುರುಗಳದು, ಕಾರಣವೂ ಅವರದೇ. ಹಲಸಿ ಎಂದರೆ ಕದಂಬರ ಪಲಾಶಿಕೆ. ಭೂವರಾಹ ನರಸಿಂಹ ದೇವಾಲಯದ ಜೊತೆಗೆ ಹಳೆಯ ಬಸದಿಯ ಅವಶೇಷಗಳೂ ಅಲ್ಲಿವೆ. ಐದನೆಯ ಶತಮಾನದ ಕದಂಬ ಅರಸು ಮೃಗೇಶವರ್ಮನು ತನ್ನ ತಂದೆಯ ಪುಣ್ಯಾರ್ಥವಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಸಂಘಗಳಿಗೆ 33 ನಿವರ್ತನ ಭೂಮಿಯನ್ನು ದಾನವಿತ್ತನೆಂದು ಫ್ಲೀಟರು ಪ್ರಕಟಿಸಿದ ಹಲಸಿಯ ತಾಮ್ರಪಟಗಳಿಂದ ತಿಳಿಯುತ್ತದೆ. ಈ ಹೆಸರುಗಳನ್ನು ನಮ್ಮ ಜಮಖಾನೆಯ ಪಕ್ಕದಲ್ಲಿಟ್ಟು ನೋಡಬೇಕು. ಗ್ರಂಥವೆಂದರೆ ಗಂಟು, ನಿರ್ಗ್ರಂಥನೆಂದರೆ ಗಂಟಿಲ್ಲದವನು. ಯಾಪನೀಯರಾದರೋ ಮುನಿಗೆ ನಗ್ನತೆಯೇ ನಿಯಮವೆಂದು ಒಪ್ಪಿ, ವಿಶೇಷ ಪರಿಸ್ಥಿತಿಯಲ್ಲಿ ವಸ್ತ್ರಕ್ಕೆ ಅಪವಾದವೆಂಬ ಎಡೆಯನ್ನಿಟ್ಟವರು. ಏನನ್ನು ಹೊರಬಹುದು ಎಂಬ ಪ್ರಶ್ನೆಗೆ ಭಿನ್ನ ಉತ್ತರ ಕೊಡುತ್ತಿದ್ದವರು ಒಂದೇ ಊರಿನಲ್ಲಿ ಒಂದೇ ದಾನಶಾಸನದ ಫಲವನ್ನು ಹಂಚಿಕೊಂಡಿದ್ದರು. ಮೃಗೇಶನ ಮಗ ರವಿವರ್ಮನ ಶಾಸನವು ಮಳೆಗಾಲದ ನಾಲ್ಕು ತಿಂಗಳು ಯತಿಗಳ ಪೋಷಣೆಗೆ ಏರ್ಪಾಡು ಮಾಡುತ್ತದೆ. ಮಳೆಯಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ ಮುನಿಗಳು ನಡೆಯದೆ ಒಂದೆಡೆ ನಿಲ್ಲುವರು. ನಿಂತವರನ್ನು ಊರು ನೋಡಿಕೊಳ್ಳಬೇಕು. ನಮ್ಮ ಹುಡುಗರು ಖಾನಾಪುರದ ಜಲಪಾತಗಳಿಗೆ ಮುಗಿಬೀಳುವುದು ಸರಿಯಾಗಿ ಆ ನಾಲ್ಕು ತಿಂಗಳಲ್ಲಿಯೇ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಗೃಹಸ್ಥನಿಗೆ ಚಾತುರ್ಮಾಸದ ಕಟ್ಟಳೆಯಿಲ್ಲ, ನಿಜ. ಆದರೂ ಮಾರ್ಗಶಿರದವರೆಗೆ ಕಾಯಬಲ್ಲವನು ಚೀಲದಿಂದ ಎಷ್ಟೋ ವಸ್ತುಗಳನ್ನು ಕಾಯುವುದರಿಂದಲೇ ಇಳಿಸಬಲ್ಲನು.

ಮರಳಿ ಬಂದ ಸಂಜೆ ಅದೇ ಜಮಖಾನೆಯ ಮೇಲೆ ಚೀಲವನ್ನು ಬಿಚ್ಚಿ ಮೂರು ಗುಂಪು ಮಾಡಿದೆವು: ಮತ್ತೆ ಮತ್ತೆ ಬಳಸಿದುದು, ಒಮ್ಮೆ ಬಳಸಿದುದು, ಮುಟ್ಟದೆಯೇ ಮರಳಿದುದು. ಬೆಟ್ಟ ಹತ್ತುವವರಲ್ಲಿ ಈ ಪದ್ಧತಿ ರೂಢಿಯಲ್ಲಿದೆ. ಮೂರನೆಯ ಗುಂಪೇ ದೊಡ್ಡದಾಗಿತ್ತು. ಗುರುಗಳು ಕೂಡಲೇ ತೀರ್ಪಿತ್ತರು: ಬಳಸದ್ದನ್ನು ಹೊತ್ತದ್ದು ಅನರ್ಥದಂಡ, ತೆಗೆದುಹಾಕು ಎಂದು. ಹುಡುಗ ಒಪ್ಪಲಿಲ್ಲ. ಅವನ ಪಕ್ಷದಲ್ಲಿಯೂ ಹುರುಳಿತ್ತು. ಅಮೆರಿಕದ ಸಿಯಾಟಲ್ ನಗರದ ಪರ್ವತಾರೋಹಿಗಳ ಸಂಘವೊಂದು 1930ರ ದಶಕದಲ್ಲಿ ಹತ್ತು ಅವಶ್ಯಕ ವಸ್ತುಗಳ ಪಟ್ಟಿಯೊಂದನ್ನು ರೂಢಿಗೆ ತಂದಿತು. 1974ರಲ್ಲಿ ಅದು ಅವರ ಪಠ್ಯಪುಸ್ತಕದಲ್ಲಿ ಅಚ್ಚಾಯಿತು. ನಕಾಶೆ, ದಿಕ್ಸೂಚಿ, ದೀಪ, ಹೆಚ್ಚಿನ ಅನ್ನ, ಹೆಚ್ಚಿನ ಬಟ್ಟೆ, ಔಷಧ, ಬೆಂಕಿ, ಚಾಕು ಮುಂತಾದವು ಅದರಲ್ಲಿವೆ. ಅದರ ಹಿಂದಿರುವ ಪ್ರಶ್ನೆಗಳು ಎರಡೇ: ಅಪಘಾತವಾದರೆ ನೀನು ಏನಾದರೂ ಮಾಡಬಲ್ಲೆಯಾ? ಎಣಿಸದೆ ಒಂದು ರಾತ್ರಿ ಹೊರಗೆ ಕಳೆಯಬೇಕಾದರೆ ಬದುಕಿ ಬರಬಲ್ಲೆಯಾ? ಈ ಎರಡು ಪ್ರಶ್ನೆಗಳಿಗಾಗಿ ಹೊತ್ತ ವಸ್ತುಗಳು ಬಳಕೆಯಾಗದೆ ಮರಳಿದರೆ ಪಯಣ ಚೆನ್ನಾಗಿ ಆಯಿತೆಂದೇ ಅರ್ಥ. ಬಳಸದ್ದು ಬೇರೆ, ಬೇಡದ್ದು ಬೇರೆ. ಮೂರು ಗುಂಪಿನ ಪರೀಕ್ಷೆಯು ಬಳಕೆಯನ್ನಷ್ಟೇ ಅಳೆಯುತ್ತದೆ. ಬೇಕು ಬೇಡಗಳನ್ನು ಅಳೆಯುವ ಕೋಲು ಅದರಲ್ಲಿಲ್ಲ.

ಆ ಕೋಲನ್ನು ಎಲ್ಲಿಂದ ತರಬೇಕು? ನನಗೆ ಹೊಳೆದುದು ರತ್ನಕರಂಡಕ ಶ್ರಾವಕಾಚಾರದ ವ್ಯವಸ್ಥೆ. ಸಮಂತಭದ್ರಾಚಾರ್ಯರು ಗೃಹಸ್ಥನಿಗೆ ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತವನ್ನು ಹೇಳಿದಂತೆಯೇ ವೈಯಾವೃತ್ಯವನ್ನೂ ಹೇಳುತ್ತಾರೆ. ಅದರಲ್ಲಿ ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ಬಗೆಯ ದಾನ ಸೇರಿದೆ. ಮುಟ್ಟದೆ ಮರಳಿದ ಗುಂಪನ್ನು ಮತ್ತೆ ನೋಡಿದರೆ ಅಲ್ಲಿ ಇದ್ದುದು ಹೆಚ್ಚಾಗಿ ಇವೇ. ಉಳಿದ ರೊಟ್ಟಿ ಆಹಾರ. ಓಆರ್‌ಎಸ್ ಪೊಟ್ಟಣ ಔಷಧ. ಬ್ಯಾಟರಿ, ಸೀಟಿ ಉಪಕರಣ. ಆ ಬೆಳ್ಳಿಹಾಳೆ ಆವಾಸವೇ ಸರಿ, ಮಡಿಚಿಟ್ಟ ಆವಾಸ. ಆಚಾರ್ಯರ ಮನಸ್ಸಿನಲ್ಲಿ ಇದ್ದವರು ಗೃಹತ್ಯಾಗಿಗಳಾದ ತಪೋಧನರೇ ಹೊರತು ಕಾಲು ಉಳುಕಿಸಿಕೊಂಡ ಕಾಲೇಜು ಹುಡುಗರಲ್ಲ ಎಂದು ಗುರುಗಳು ಆಕ್ಷೇಪಿಸಿದರು. ಆಕ್ಷೇಪ ಸರಿಯಾದುದೇ. ಆದರೆ ಕರುಣೆಯಿಂದ ಕೊಡುವ ದಾನಕ್ಕೆ ಪಾತ್ರನ ಯೋಗ್ಯತೆಯನ್ನು ಕೇಳುವ ಕ್ರಮ ನಮ್ಮಲ್ಲಿಲ್ಲ. ಭೋಗದ ವಸ್ತುವನ್ನು ಬಳಕೆಯಿಂದ ಅಳೆಯಬೇಕು, ದಾನದ ವಸ್ತುವನ್ನು ಸಿದ್ಧತೆಯಿಂದ ಅಳೆಯಬೇಕು ಎಂದು ವಿಂಗಡಿಸಿಕೊಂಡರೆ ಚೀಲದ ಅರ್ಧ ಗೊಂದಲ ಪರಿಹಾರವಾಗುತ್ತದೆ.

ಉಳಿದರ್ಧ ಗೊಂದಲ ಇನ್ನೂ ಗಹನವಾದುದು. ಪರರಿಗಾಗಿ ಎಂಬ ಮಾತಿನ ಮರೆಯಲ್ಲಿ ಏನನ್ನು ಬೇಕಾದರೂ ಹೊರಬಹುದಲ್ಲವೆ? ಉಗ್ರಾಣ ತುಂಬುವವನೂ ಮಕ್ಕಳಿಗಾಗಿ ಎಂದೇ ಹೇಳುತ್ತಾನೆ. ತತ್ತ್ವಾರ್ಥಸೂತ್ರಕಾರರು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಅಂದರೆ ನನ್ನದೆಂಬ ಮೋಹದಲ್ಲಿ ಗುರುತಿಸಿದರು. ಮೂರ್ಛೆಗೆ ತಕ್ಕಡಿಯಿಲ್ಲ, ಆದರೆ ನಡೆಯುವ ದಾರಿಯಲ್ಲಿ ಅದರ ಲಕ್ಷಣಗಳು ಕಾಣುತ್ತವೆ. ಹುಡುಗನ ಬ್ಯಾಟರಿ ಬೆಲೆಬಾಳುವಂಥದು. ಹಗಲು ಹೊತ್ತಿನಲ್ಲಿ ಅದರ ಕೆಲಸವೇನೂ ಇರಲಿಲ್ಲ. ಆದರೂ ಬೇಲಿ ದಾಟಿದಾಗ, ಹಳ್ಳ ಇಳಿದಾಗ, ಕುಳಿತು ಎದ್ದಾಗ ಅವನ ಕೈ ಜೇಬಿಗೆ ಹೋಗಿ ಅದು ಇದೆಯೇ ಎಂದು ಮುಟ್ಟಿ ನೋಡುತ್ತಿತ್ತು. ಓಆರ್‌ಎಸ್ ಪೊಟ್ಟಣವನ್ನು ಅವನು ಒಮ್ಮೆಯೂ ಮುಟ್ಟಿ ನೋಡಲಿಲ್ಲ. ಗುರುಗಳ ತಾಮ್ರದ ಬಾಟಲಿಯ ವಿಷಯದಲ್ಲಿಯೂ ಇದೇ ಮಾತು. ಅದು ಸ್ಟೀಲಿನದಕ್ಕಿಂತ ಭಾರ, ಅವರ ತೀರ್ಥರೂಪರ ಕಾಲದ್ದು, ಬಂಡೆಗೆ ತಾಗೀತೆಂದು ಅವರು ದಾರಿಯುದ್ದಕ್ಕೂ ಅದನ್ನು ಎದೆಗವಚಿಕೊಂಡಿದ್ದರು. ಕೊಡಬೇಕಾದಾಗ ಕೈ ತಡೆಯುವುದೋ ಇಲ್ಲವೋ, ಕಳೆದುಹೋದರೆ ಆ ರಾತ್ರಿಯ ನಿದ್ರೆ ಕೆಡುವುದೋ ಇಲ್ಲವೋ: ಚೀಲಕ್ಕೆ ಹಾಕುವ ಮುನ್ನ ಈ ಎರಡನ್ನು ಕೇಳಿಕೊಂಡರೆ ಸಾಕಷ್ಟು ತಿಳಿಯುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ವಸ್ತುಗಳು ಚಿಕ್ಕವಾಗುತ್ತ ಬಂದಿರುವುದು ಪರಿಮಾಣವ್ರತಕ್ಕೆ ಅನುಕೂಲವೆಂದು ತಿಳಿಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ವಸ್ತು ಚಿಕ್ಕದಾದಷ್ಟೂ ಚೀಲದಲ್ಲಿ ಎಡೆ ಹೆಚ್ಚುತ್ತದೆ. ಎಡೆ ಹೆಚ್ಚಿದಷ್ಟೂ ಇನ್ನೊಂದು ಚಿಕ್ಕ ವಸ್ತು ಬಂದು ಕೂರುತ್ತದೆ. ಕಡ್ಡಿಪೆಟ್ಟಿಗೆಯ ಜೊತೆಗೆ ಲೈಟರು ಬಂದು ಸೇರಿದುದು ಹೀಗೆಯೇ. ಸಂಕೋಚವು ಆಕಾರದಲ್ಲಿ ಆದರೆ ಅದು ಶಿಲ್ಪಿಯ ಚಾತುರ್ಯ, ಇಚ್ಛೆಯಲ್ಲಿ ಆದರೆ ವ್ರತ.

ಚೀಲ ಹಗುರಾದಷ್ಟೂ ಧರ್ಮ ಹೆಚ್ಚು ಎಂಬ ಭಾವನೆಯನ್ನು ಇನ್ನೂ ಎಚ್ಚರದಿಂದ ನೋಡಬೇಕು. ದಿಗಂಬರ ಮುನಿಗಳ ಲಾಘವವನ್ನು ನಾವೆಲ್ಲ ಗೌರವಿಸುತ್ತೇವೆ. ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಊಟಕ್ಕೆ ಪಾತ್ರೆಯೂ ಇಲ್ಲ, ಅಂಜಲಿಯೇ ಪಾತ್ರೆ. ಆದರೆ ಆ ಲಾಘವದ ಹಿಂದೆ ಒಂದು ಸಮಾಜವೇ ನಿಂತಿದೆ. ಅವರು ದಿನಕ್ಕೊಮ್ಮೆ ಕೈಯೊಡ್ಡಿದಾಗ ಶುದ್ಧ ಆಹಾರ, ಪ್ರಾಸುಕವಾದ ನೀರು ಸಿದ್ಧವಿರುವಂತೆ ಶ್ರಾವಕನು ನೋಡಿಕೊಳ್ಳುತ್ತಾನೆ. ಸಿಗದ ದಿನ ಉಪವಾಸವಿರಬಲ್ಲ ಶಕ್ತಿಯನ್ನು ಮುನಿಯು ಪಡೆದಿರುತ್ತಾನೆ. ಈ ಎರಡೂ ಇಲ್ಲದ ಗೃಹಸ್ಥನು ನೀರಿಲ್ಲದೆ ಕಾಡಿಗೆ ಬಂದು ಮಧ್ಯಾಹ್ನದ ಹೊತ್ತಿಗೆ ಜೊತೆಗಾರನ ಬಾಟಲಿಗೆ ಕೈ ಚಾಚಿದರೆ, ಅವನ ಹಗುರವು ಜೊತೆಗಾರನ ಭಾರವಾಗಿ ವರ್ಗಾವಣೆಗೊಂಡಿತು, ಅಷ್ಟೆ. ಅಂಗಡಿಯ ಪ್ಲಾಸ್ಟಿಕ್ ಬಾಟಲಿಯನ್ನು ಕೊಂಡು, ಕುಡಿದು, ಪೊದೆಗೆ ಎಸೆದು ಬರುವವನ ಲಾಘವವೂ ಇದೇ ಜಾತಿಯದು. ಅವನ ಭಾರವನ್ನು ಕಾಡು ಹೊರುತ್ತದೆ. ಊಟ ಮೆತ್ತಿದ ಚೀಲವನ್ನು ನುಂಗಿದ ದನದ ಹೊಟ್ಟೆ ಹೊರುತ್ತದೆ. ಮುನಿಯ ಐದು ಸಮಿತಿಗಳಲ್ಲಿ ವಸ್ತುವನ್ನು ನೋಡಿ ಎತ್ತುವ, ನೋಡಿ ಇಡುವ ಆದಾನನಿಕ್ಷೇಪಣ ಸಮಿತಿ ಒಂದು. ಮಲಿನವನ್ನು ಜೀವರಹಿತವಾದ ಎಡೆಯಲ್ಲಿ ಬಿಡುವ ಉತ್ಸರ್ಗ ಸಮಿತಿ ಇನ್ನೊಂದು. ಕಡಿಮೆ ಹೊರು ಎಂಬುದರ ಜೊತೆಗೇ, ಹೊತ್ತುದನ್ನು ಎಲ್ಲಿ ಇಳಿಸುವೆ ಎಂಬುದೂ ಅಲ್ಲಿ ಕೇಳಲ್ಪಟ್ಟಿದೆ.

ಈ ವಿಚಾರವನ್ನು ಉಪ್ಪಿನ ಪೊಟ್ಟಣವು ಇನ್ನಷ್ಟು ಸ್ಪಷ್ಟಪಡಿಸಿತು. ಜಾಂಬೋಟಿ, ಕಣಕುಂಬಿಗಳ ಕಾಡಿನಲ್ಲಿ ಮಳೆಗಾಲದ ಜಿಗಣೆಗಳ ಕಾಟವನ್ನು ಅನುಭವಿಸಿದವರೇ ಬಲ್ಲರು. ಕಚ್ಚಿದ ಜಿಗಣೆಯ ಮೇಲೆ ಚಿಟಿಕೆ ಉಪ್ಪು ಹಾಕಿದರೆ ಕಳಚಿ ಬೀಳುತ್ತದೆ ಎಂದು ಎಲ್ಲರೂ ಉಪ್ಪು ಒಯ್ಯುತ್ತಾರೆ. ಬೀಳುತ್ತದೆ, ಸಾಯುತ್ತದೆ. ನಮ್ಮ ಜೀವಶಾಸ್ತ್ರದಲ್ಲಿ ಜಿಗಣೆ ದ್ವೀಂದ್ರಿಯ ಜೀವಿ. ಸ್ಪರ್ಶ ರಸನಗಳುಳ್ಳ ಮೈಗೆ ಉಪ್ಪು ಸುರಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಇದಕ್ಕೆ ಬದಲು ಮೊಣಕಾಲವರೆಗಿನ ದಪ್ಪ ಕಾಲುಚೀಲ ತೊಡಬಹುದು. ಕಚ್ಚಿದ್ದೇ ಆದರೆ ಅದರ ಬಾಯಿಯ ಪಕ್ಕದ ಚರ್ಮಕ್ಕೆ ಉಗುರನ್ನು ಒತ್ತಿ ಮೆಲ್ಲನೆ ಜಾರಿಸಿದರೆ ಅದೂ ಬದುಕುತ್ತದೆ, ಗಾಯವೂ ಚಿಕ್ಕದಾಗುತ್ತದೆ. ಉಪ್ಪಿನ ಪೊಟ್ಟಣ ಇಪ್ಪತ್ತು ಗ್ರಾಂ, ಮೂರು ಜೊತೆ ದಪ್ಪ ಕಾಲುಚೀಲ ಅದರ ಹತ್ತುಪಟ್ಟಿಗಿಂತ ಹೆಚ್ಚು. ಹಗುರವಾದುದು ಹಿಂಸೆಯ ವಸ್ತು, ಭಾರವಾದುದು ದಯೆಯ ವಸ್ತು. ನೀರಿನ ಲೆಕ್ಕವೂ ಇಂಥದೇ. ಕ್ಲೋರಿನ್ ಗುಳಿಗೆ ತೂಕವಿಲ್ಲದ ವಸ್ತು. ಹಳ್ಳದ ನೀರಿಗೆ ಹಾಕಿ ಕಾದರೆ ಕುಡಿಯಬಹುದು. ಮನೆಯಿಂದ ಸೋಸಿ ಕಾಯಿಸಿ ತಂದ ನೀರು ಲೀಟರಿಗೆ ಒಂದು ಕಿಲೋ. ಕಾಯಿಸುವುದರಲ್ಲಿಯೂ ಆರಂಭಹಿಂಸೆ ಇದ್ದೇ ಇದೆ ಎಂಬುದು ಬೇರೆ ಚರ್ಚೆ. ಆದರೆ ಸೋಸಿದ ಅರಿವೆಯಲ್ಲಿ ಉಳಿದ ಜೀವಿಗಳನ್ನು ತಂದ ನೀರಿಗೇ ಮರಳಿ ಬಿಡುವ ಅವಕಾಶ ಮನೆಯ ಬಾವಿಯ ಬಳಿ ಇರುತ್ತದೆ. ಸೋಸುವ ಅರಿವೆಯನ್ನು ಹಳೆಯ ಕಾಲದ ಕಟ್ಟಳೆಯೆಂದು ನಗುವವರು 2003ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನವೊಂದನ್ನು ಗಮನಿಸಬಹುದು: ಹಳೆಯ ಸೀರೆಯ ಬಟ್ಟೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ 48 ಪ್ರತಿಶತ ಇಳಿದಿತ್ತು. ಕಾಲರಾದ ಅಣುಜೀವಿಗಳು ಸಣ್ಣ ಜಲಚರಗಳಿಗೆ ಅಂಟಿಕೊಂಡು ಬರುವುದರಿಂದ ಆ ಜಲಚರಗಳನ್ನು ತಡೆದ ಬಟ್ಟೆ ರೋಗವನ್ನೂ ತಡೆಯಿತು. ಆದರೆ ಬಟ್ಟೆಯೊಂದೇ ಎಲ್ಲ ರೋಗಾಣುಗಳನ್ನೂ ತಡೆಯಲಾರದು; ಸೋಸಿದ ಮೇಲೆ ಕಾಯಿಸುವುದು ತಪ್ಪಬಾರದು.

ತೂಕಕ್ಕೂ ಹಿಂಸೆಗೂ ಬೇರೆ ಬೇರೆ ತಕ್ಕಡಿಗಳೆಂದಾದ ಮೇಲೆ ಉಪಕರಣದ ಗುಣವನ್ನು ಯಾವುದರಿಂದ ಪರೀಕ್ಷಿಸಬೇಕು? ನನ್ನ ಮಟ್ಟಿಗೆ ಅತ್ಯುತ್ತಮವಾದ ಮಾದರಿ ಪಿಂಛಿಯದು. ಪೂರ್ವಾಚಾರ್ಯರು ನವಿಲುಗರಿಯ ಪಿಂಛಿಗೆ ಐದು ಗುಣಗಳನ್ನು ಹೇಳಿದ್ದಾರೆ: ಅದು ಧೂಳನ್ನು ಹಿಡಿಯದು, ಬೆವರನ್ನು ಹಿಡಿಯದು, ಮೃದುವಾದುದು, ಸುಕುಮಾರವಾದುದು, ಹಗುರಾದುದು. ಗರಿಯನ್ನು ಕಣ್ಣಿಗೆ ತಗುಲಿಸಿದರೂ ನೋಯದು ಎನ್ನುತ್ತಾರೆ. ನವಿಲು ತಾನಾಗಿ ಉದುರಿಸಿದ ಗರಿ ಅದು, ಪಡೆಯುವುದರಲ್ಲಿಯೂ ಹಿಂಸೆಯಿಲ್ಲ. ಇಂದಿನ ಮಾರುಕಟ್ಟೆಯಲ್ಲಿ ಉಪಕರಣದ ಗುಣಪಟ್ಟಿಯೆಲ್ಲ ಹೊರುವವನ ದೃಷ್ಟಿಯಿಂದ ಬರೆಯಲ್ಪಟ್ಟಿರುತ್ತದೆ: ಎಷ್ಟು ಗ್ರಾಂ, ಎಷ್ಟು ಬಾಳಿಕೆ, ಎಷ್ಟು ಚುರುಕು. ಪಿಂಛಿಯ ಐದು ಗುಣಗಳಲ್ಲಿ ಲಾಘವವೂ ಒಂದು, ಆದರೆ ಉಳಿದವುಗಳನ್ನು ಓದಿದರೆ ಅದನ್ನು ಇರುವೆಯ ಮೈಮೇಲೆ ಆಡಿಸಿ ಪರೀಕ್ಷಿಸಿದ್ದಾರೆಂದು ತಿಳಿಯುತ್ತದೆ. ಮನುಷ್ಯನ ಅತಿ ಸೂಕ್ಷ್ಮ ಅಂಗವಾದ ಕಣ್ಣಿನ ಮೇಲೆ ಅದನ್ನು ಪರೀಕ್ಷಿಸುವುದೂ ಇರುವೆಯ ಸಲುವಾಗಿಯೇ.

ಹಲಸಿಯ ಹತ್ತಿರ ನಮ್ಮ ಗಂಟಿಗೆ ನಿಜವಾದ ಪರೀಕ್ಷೆ ಒದಗಿತು. ಸೌದೆಯ ಹೊರೆ ಹೊತ್ತು ಬರುತ್ತಿದ್ದ ಹೆಣ್ಣುಮಗಳೊಬ್ಬಳು ದಾರಿಯ ಬದಿಗೆ ಕುಳಿತಿದ್ದಳು. ಕುಡಗೋಲು ಜಾರಿ ಕಾಲಿನ ನಳಿಗೆಯ ಮೇಲೆ ಉದ್ದಕ್ಕೆ ಸೀಳಿತ್ತು, ರಕ್ತ ನಿಂತಿರಲಿಲ್ಲ. ಗುರುಗಳು ಮಾವಶೀ ಎಂದು ಮಾತನಾಡಿಸಿ, ತಮಗೆ ಬಂದಷ್ಟು ಮರಾಠಿಯಲ್ಲಿ ಧೈರ್ಯ ಹೇಳಿದರು. ಹುಡುಗ ಕುಡಿಯುವ ನೀರಿನಿಂದಲೇ ಗಾಯ ತೊಳೆದು ಒಂದು ಸುರುಳಿಯನ್ನು ಒತ್ತಿ ಹಿಡಿದನು. ಅದು ನೆನೆಯಿತು. ಉಳಿದುದು ಒಂದೇ ಸುರುಳಿ. ನಮಗಿನ್ನೂ ಮೂರು ತಾಸಿನ ಮರಳುದಾರಿ. ಅವನು ತಲೆಯೆತ್ತಿ ತಗ್ಗಿದ ದನಿಯಲ್ಲಿ ಕೇಳಿದ:

“ಕಾಕಾ, ಮುಂದ ನಮಗ ಏನರೆ ಆದ್ರ?”

ಇದನ್ನು ಜಿಪುಣತನವೆಂದು ತಿಳಿಯಬಾರದು. ಗುಂಪಿನ ಹೊಣೆ ಹೊತ್ತವನಿಗೆ ಚೀಲ ತನ್ನ ಸೊತ್ತಲ್ಲ, ತನಗೆ ಒಪ್ಪಿಸಿದ ಠೇವಣಿ. ಠೇವಣಿಯಿಂದ ಉದಾರಿಯಾಗುವುದು ಸುಲಭ, ಆದರೆ ಅದನ್ನು ದಾನವೆನ್ನಬಹುದೇ ಎಂಬ ಸಂದೇಹ ಅಚೌರ್ಯವನ್ನು ಬಲ್ಲವನಿಗೆ ಬಂದೇ ಬರುತ್ತದೆ. ಗುರುಗಳ ಉತ್ತರ ತತ್‌ಕ್ಷಣ ಬಂತು: “ಇಕೀ ರಕ್ತ ಕಣ್ಣಮುಂದ ಅದ ತಮ್ಮಾ. ನಮ್ಮದು ಬರೇ ಅಂಜಿಕಿ.” ಎರಡನೆಯ ಸುರುಳಿಯನ್ನೂ ಸುತ್ತಿದೆವು. ಅವಳನ್ನು ಊರಿನವರೆಗೆ ಕೈಹಿಡಿದು ನಡೆಸಿ, ಸೌದೆಯ ಹೊರೆಯನ್ನು ಹುಡುಗ ತಲೆಯ ಮೇಲೆ ಹೊತ್ತು ತಂದನು. ಆ ಹೊರೆ ನಮ್ಮ ಚೀಲದ ಮೂರು ಪಟ್ಟು ಇದ್ದಿರಬೇಕು. ಅವಳು ದಿನವೂ ಹೊರುವ ಭಾರದ ಮುಂದೆ ನಮ್ಮ ಗ್ರಾಂಗಳ ಲೆಕ್ಕ ತುಸು ನಾಚಿಕೆ ತರಿಸಿತು ಎಂಬುದನ್ನು ಮರೆಮಾಚಲಾರೆ.

ಆ ಕ್ಷಣದಲ್ಲಿ ಗುರುಗಳ ನಿರ್ಣಯವೇ ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಎದುರಿಗಿರುವ ದುಃಖ ಮತ್ತು ಎಣಿಸಿಕೊಂಡ ದುಃಖ ಒಂದೇ ತೂಕದವಲ್ಲ. ಆದರೂ ಹುಡುಗನ ಪ್ರಶ್ನೆ ಉತ್ತರವಿಲ್ಲದೆ ಉಳಿಯಬಾರದು. ಅಂದು ಅದಕ್ಕೆ ಉತ್ತರವಾಗಿ ಒದಗಿದುದು ನೀರು ಸೋಸುವ ಅರಿವೆ. ಮನೆಯಲ್ಲಿ ಒಗೆದು ಒಣಗಿಸಿ ಡಬ್ಬಿಯಲ್ಲಿಟ್ಟಿದ್ದ ಅದು ಬಳಕೆಯಾಗದೆ ಉಳಿದಿತ್ತು. ಬೇಕಾದರೆ ಗಾಯಕ್ಕೆ ಅದನ್ನೇ ಕಟ್ಟಬಹುದೆಂದು ಲೆಕ್ಕ ಹಾಕಿಕೊಂಡು ನಿಶ್ಚಿಂತೆಯಿಂದ ಮರಳಿದೆವು. ಎರಡು ಕೆಲಸ ಬಲ್ಲ ಒಂದು ವಸ್ತು, ಒಂದೊಂದೇ ಕೆಲಸ ಬಲ್ಲ ಎರಡು ವಸ್ತುಗಳಿಗಿಂತ ಮೇಲೆಂದು ಹಾದಿ ನಡೆದವರೆಲ್ಲ ಬಲ್ಲರು. ಈಗ ಚೀಲದಲ್ಲಿ ಎರಡು ಸುರುಳಿಗಳ ಬದಲು ನಾಲ್ಕಿವೆ. ಎರಡು ಗುಂಪಿನವು, ಎರಡು ದಾರಿಯವರವು. ಹೀಗೆ ಮೊದಲೇ ಪಾಲು ಮಾಡಿಟ್ಟರೆ ಕೊಡುವಾಗ ಕೈ ತಡೆಯುವುದಿಲ್ಲ.

ತೆಗೆದ ವಸ್ತುಗಳಲ್ಲಿ ಲೈಟರು, ಉಪ್ಪು, ತಾಮ್ರದ ಬಾಟಲಿ (ಗುರುಗಳು ಎರಡು ದಿನ ಮುನಿಸಿಕೊಂಡರು), ಬ್ಲೇಡು ಮತ್ತು ದಾರ ಸೇರಿವೆ. ಕೊನೆಯ ಎರಡನ್ನು ತೆಗೆಸಿದುದು ನಡೆದ ಅನುಭವವಲ್ಲ, ವೈದ್ಯರಲ್ಲಿ ಕೇಳಿದ ತಿಳಿವಳಿಕೆ. ಹಾವು ಕಡಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎರಡೂ ಹಾನಿಕರ. ಕಡಿತಕ್ಕೊಳಗಾದವನನ್ನು ಅಲುಗಾಡದಂತೆ ಇರಿಸಿ ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಆದಷ್ಟು ಬೇಗ ಸಾಗಿಸುವುದೇ ಮಾಡಬೇಕಾದ ಕೆಲಸ. ಪರೋಪಕಾರದ ಬುದ್ಧಿಯಿಂದ ಹೊತ್ತ ಬ್ಲೇಡು ಅಜ್ಞಾನದ ಕೈಯಲ್ಲಿ ಪರಪೀಡೆಯ ಸಾಧನವಾಗುತ್ತಿತ್ತು.

ಚಾಕು, ಬ್ಯಾಟರಿ, ಕಡ್ಡಿಪೆಟ್ಟಿಗೆಗಳ ಮೇಲೆ ಚರ್ಚೆ ಇನ್ನೂ ನಿಂತಿಲ್ಲ. ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವೂ ಒಂದು. ಹಿಂಸೆಗೆ ಸಾಧನವಾಗುವ ವಸ್ತುಗಳನ್ನು ಪರರ ಕೈಗೆ ಕೊಡುವುದನ್ನು ಸಮಂತಭದ್ರರು ನಿಷೇಧಿಸುವಾಗ ಕೊಡಲಿ, ಕತ್ತಿ, ಗುದ್ದಲಿಗಳ ಸಾಲಿನಲ್ಲಿ ಬೆಂಕಿಯನ್ನೂ ಎಣಿಸಿದ್ದಾರೆ. ಹುಡುಗನು ತನಗಾಗಿ ಹೊರುವುದಿಲ್ಲ, ಗೆಳೆಯರ ಕೈಗೆ ಕೊಡಲೆಂದೇ ಹೊರುತ್ತಾನೆ. ಆದ್ದರಿಂದ ಈ ಮಾತು ಅವನಿಗೆ ನೇರವಾಗಿ ತಾಗುತ್ತದೆ. ಚಾಕುವಿನ ಬದಲು ತುದಿ ಮೊಂಡಾದ ಚಿಕ್ಕ ಕತ್ತರಿಯನ್ನಿಟ್ಟೆವು. ಪಟ್ಟಿಯನ್ನೂ ಸೌತೆಕಾಯಿಯನ್ನೂ ಅದು ಕತ್ತರಿಸುತ್ತದೆ, ಮರದ ತೊಗಟೆಯ ಮೇಲೆ ಹೆಸರು ಕೆತ್ತಲು ಬರುವುದಿಲ್ಲ. ಬ್ಯಾಟರಿ ಉಳಿಯಿತು, ಒಂದು ಕರಾರಿನೊಂದಿಗೆ. ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆಗಳಿವೆ. 1913ರಲ್ಲಿ ವಿಜ್ಞಾನಿಗಳು ಮೊದಲು ವರ್ಣಿಸಿದ, ರಾಟನ್ ಎಂಬವರ ಹೆಸರನ್ನು ಹೊತ್ತ ಅಪರೂಪದ ಬಾವಲಿ ಅಲ್ಲಿ ವಾಸಿಸುತ್ತದೆ, ಬಹುಕಾಲ ಜಗತ್ತಿನಲ್ಲಿ ಅದೊಂದೇ ಎಡೆಯಲ್ಲಿ ಅದು ಇದೆಯೆಂದು ತಿಳಿಯಲಾಗಿತ್ತು. ಬಯಲಿನ ರಾತ್ರಿಯಲ್ಲಿ ದಾರಿ ತೋರುವ ದೀಪವೇ ಅಂಥ ಗುಹೆಯ ಬಾಯಲ್ಲಿ ಸಾವಿರಾರು ಜೀವಿಗಳ ನಿದ್ರೆ ಕೆಡಿಸುವ ಆಯುಧವಾಗುತ್ತದೆ. ಅಪ್ಪಣೆಯಿಲ್ಲದೆ ಅಭಯಾರಣ್ಯವನ್ನು ಹೊಗುವಂತಿಲ್ಲ ಎಂಬ ಕಾನೂನು ಇದೆ. ಹೊಕ್ಕವನ ಕೈಯಲ್ಲಿಯೂ ದೀಪ ನೆಲವನ್ನೇ ನೋಡುತ್ತಿರಬೇಕೆಂದು ಕರಾರು.

ಕಡ್ಡಿಪೆಟ್ಟಿಗೆಯ ವಿಷಯದಲ್ಲಿ ಗುರುಗಳದು ಒಂದೇ ಹಟ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವವನಿಗೆ ಕಾಡಿನಲ್ಲಿ ಒಲೆಯ ಗೊಡವೆ ಯಾಕೆ ಎಂದು ಕೇಳುತ್ತಾರೆ. ಹುಡುಗ ಹೇಳುವುದು ಮಳೆಯಲ್ಲಿ ತೊಯ್ದು ನಡುಗುವವನ ಮಾತು; ಬೆಳ್ಳಿಹಾಳೆ ಮೈಶಾಖವನ್ನು ಕಾಯುತ್ತದೆ, ಆದರೆ ಇಲ್ಲದ ಶಾಖವನ್ನು ಹುಟ್ಟಿಸಲಾರದು. ಇಬ್ಬರ ಮಾತೂ ನನಗೆ ಸರಿಯೆನಿಸುತ್ತದೆ, ಆದ್ದರಿಂದ ಋತುವನ್ನು ನೋಡಿ ಒಂದು ಏರ್ಪಾಡು ಮಾಡಿದ್ದೇನೆ. ಹುಲ್ಲು ಹಸಿಯಿದ್ದು ಬೆಂಕಿ ಹಬ್ಬಲಾರದ ತಿಂಗಳುಗಳಲ್ಲಿ ಎಂಟು ಕಡ್ಡಿಗಳನ್ನು ಮೇಣದ ಕಾಗದದಲ್ಲಿ ಸುತ್ತಿ ಚೀಲದ ತಳದಲ್ಲಿಡುವುದು. ಮಾಘ ಕಳೆದು ಬಾಣೆಯ ಹುಲ್ಲು ಒಣಗಿ, ಒಂದು ಕಿಡಿಗೆ ಗುಡ್ಡವೇ ಹೊತ್ತಿಕೊಳ್ಳುವಂತಾದಾಗ ಅದನ್ನು ತೆಗೆದು ದೇವರ ಕೋಣೆಯ ಗೂಡಿನಲ್ಲಿ ಇಡುವುದು. ಈಗ ಚೀಲದ ತೂಕ ನೀರೂ ಸೇರಿ 5 ಕಿಲೋ 300 ಗ್ರಾಂ. ಮುಂದಿನ ತಿಂಗಳು ಹುಡುಗ ಅದನ್ನು ಹೊತ್ತು ಗೆಳೆಯರೊಡನೆ ಹೊರಡಲಿದ್ದಾನೆ.